ಮಗಳ 'ಇಂಟರ್‌ನ್ಯಾಷನಲ್' ಪದಕ ನಡೆಯೂದಿಲ್ಲಂತ: ಖರೇ ಫೆಡರೇಶನ್ ಯಾವುದು ಅಂತ ಹೆಂಗ ತಿಳ್ಕೊಳ್ಳೂದು?

ಕೋಥ್ರೂಡ್ ಅವ್ವ · ಪುಣೆ · ರವಿವಾರ ರಾತ್ರಿ 10:40

ನಮಸ್ಕಾರ್ರೀ ಎಲ್ಲಾರಿಗೂ. ಮನಸ್ಸು ಭಾಳ ಕೆಟ್ಟದ, ಅದಕ್ಕ ಇಲ್ಲಿ ಬರಿಯಾಕತ್ತೀನಿ.

ನನ್ನ ಮಗಳು ಹತ್ತನೇತ್ತಾ. ಆರು ವರ್ಷದಿಂದ ಕರಾಟೆ ಕಲೀತಾಳ. ಮಳಿ ಇರಲಿ, ಪರೀಕ್ಷೆ ಇರಲಿ, ಮುಂಜಾನೆ ಐದೂವರೆಗೆ ಎದ್ದು ಹೋಗ್ತಾಳ. ಹೋದ ದೀಪಾವಳಿ ಸೂಟಿಯೊಳಗ ಅಕಿ ಕ್ಲಾಸಿನವರು 'ಜಾಗತಿಕ ಚಾಂಪಿಯನ್‌ಶಿಪ್' ಅಂತ ಹೇಳಿ ಹೊರದೇಶಕ್ಕ ಕರ್ಕೊಂಡು ಹೋದ್ರು. ತಲಿಗೆ 48,000 ರೂಪಾಯಿ. ಇವರ ಬೋನಸ್ ಪೂರಾ ಅದಕ್ಕ ಹೋತು. ಬಂಗಾರದ ಪದಕ ತಂದಳು. ಸರ್ಟಿಫಿಕೇಟ್ ಮ್ಯಾಲೆ ಭೂಗೋಲದ ಚಿತ್ರ, ಒಂದು ಹೊಳೆಯೋ ಸ್ಟಿಕರ್, ಕೆಳಗ ಒಂಬತ್ತು ಸಂಸ್ಥೆಗಳ ಮುದ್ರಿ. ಫ್ರೇಮ್ ಹಾಕಿಸಿ ಹಾಲ್‌ನ್ಯಾಗ ತೂಗ ಹಾಕೀವಿ.

ಈಗ ಬೋರ್ಡಿನ ಕ್ರೀಡಾ ಗ್ರೇಸ್ ಅಂಕಕ್ಕ ಕಾಗದ ಕೊಡೂವಾಗ ಸಾಲಿ ಪಿ.ಟಿ. ಸರ್ ಅದನ್ನ ಎರಡು ಸಲ ಓದಿದ್ರು. ಮಗಳ ಮುಂದ ಏನೂ ಅನ್ನಲಿಲ್ಲ. ನನ್ನ ಹೊರಗ ಕರದು, "ತಾಯೀ, ಈ ಫೆಡರೇಶನ್ ಯಾವ ಪಟ್ಟಿಯೊಳಗೂ ಇಲ್ಲ" ಅಂದ್ರು.

ಮನಿಗೆ ಬಂದು ಮಗಳನ್ನ ಕೇಳಿದೆ. ಅಕಿ ತೂಕದ ಗುಂಪಿನ್ಯಾಗ ಇದ್ದವರು ಮೂರೇ ಮಂದಿ. ಫೈನಲ್‌ನ್ಯಾಗ ಎದುರಿಗೆ ನಿಂತಾಕಿ ಅಕಿ ಕ್ಲಾಸಿನ ಹುಡುಗಿನ, ದಿನಾ ಅಕಿ ಕೂಡ ರಿಕ್ಷಾದಾಗ ಬರೂವಾಕಿ.

ಹೆಸರಿನಾಗ 'ವರ್ಲ್ಡ್' ಅಂತ ಇದ್ದ ಮ್ಯಾಲೆ ಅದು ಹೆಂಗ ಖೋಟಿ ಆಗ್ತದ? ಈ ಜಾಗತಿಕ ಫೆಡರೇಶನ್ ಅನ್ನೂದನ್ನ ಯಾರು ಕಟ್ಟತಾರ, ಯಾರು ಒಪ್ಪತಾರ? ತಿಳದವರು ಬಿಡಿಸಿ ಹೇಳ್ರಿ.

ಮಾಟುಂಗಾ ರಾಯರು · ಮುಂಬಯಿ · ರವಿವಾರ ರಾತ್ರಿ 11:15

ಅಮ್ಮಾ, ನಾನು ಇಲ್ಲಿ ಒಂದು ಬ್ಯಾಂಕಿನ ಸಿಬ್ಬಂದಿ ವಿಭಾಗದಲ್ಲಿದ್ದು ನಿವೃತ್ತನಾದವನು. ಕ್ರೀಡಾ ಕೋಟಾದ ಅರ್ಜಿಗಳ ಕಾಗದ ಪರಿಶೀಲಿಸುವುದೇ ನನ್ನ ಕೆಲಸವಾಗಿತ್ತು.

ಕೇಂದ್ರದ ನೌಕರಿಯ ಕ್ರೀಡಾ ಕೋಟಾಕ್ಕೆ ಪ್ರಮಾಣಪತ್ರದ ನಾಲ್ಕು ನಮೂನೆಗಳಿವೆ, 1980ರ ಆದೇಶದವು. ದೇಶಕ್ಕಾಗಿ ಆಡಿದವರಿಗೆ ನಮೂನೆ 1, ಅದಕ್ಕೆ ಸಹಿ ಹಾಕಬೇಕಾದವರು ಆ ಆಟದ ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯದರ್ಶಿ. ರಾಜ್ಯದ ಪರ ಆಡಿದವರಿಗೆ 2, ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ. 3 ವಿಶ್ವವಿದ್ಯಾಲಯದ್ದು, 4 ಶಾಲೆಯದ್ದು. ಪದಕ ಬಂಗಾರದ್ದೋ ಕಂಚಿನದೋ ಎಂಬ ಪ್ರಶ್ನೆ ಬರುವುದು ಆಮೇಲೆ. ಮೊದಲ ಪ್ರಶ್ನೆ, ನಿನ್ನನ್ನು ಕಳಿಸಿದವರು ಯಾರು?

ಒಬ್ಬ ಹುಡುಗ ನೆನಪಾಗುತ್ತಾನೆ. ಬಟ್ಟೆ ಚೀಲದಿಂದ ಒಂದೊಂದೇ ಪದಕ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ಹದಿನೇಳು. ನಮೂನೆ 1 ಎಲ್ಲಪ್ಪಾ ಅಂದೆ. ಹಾಗೆಂದರೇನು ಸರ್ ಅಂದ. ಅವನ ಕೈಬೆರಳ ಗೆಣ್ಣುಗಳು ಕಲ್ಲಾಗಿದ್ದವು, ಅಷ್ಟು ಅಭ್ಯಾಸ ಮಾಡಿದ್ದ. ಅವನಿಗೆ ಮೊದಲೇ ಯಾರೂ ಹೇಳಿರಲಿಲ್ಲ. ನಿಮ್ಮ ಮಗಳಿಗೆ ಇನ್ನೂ ವಯಸ್ಸಿದೆ, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು.

ಬಾಲೇವಾಡಿ ಅಂಪೈರ್ · ಪುಣೆ · ಸೋಮವಾರ ಬೆಳಗ್ಗೆ 7:05

ಅಕ್ಕಾರ, ನಾನು ಬ್ಯಾಡ್ಮಿಂಟನ್‌ನವನು, ಆದರೆ ಕಟ್ಟಡ ಎಲ್ಲ ಆಟಕ್ಕೂ ಒಂದೇ. ಕ್ಲಬ್ಬುಗಳು ಸೇರಿ ಜಿಲ್ಲಾ ಸಂಸ್ಥೆ, ಜಿಲ್ಲೆಗಳು ಸೇರಿ ರಾಜ್ಯ, ರಾಜ್ಯಗಳು ಸೇರಿ ರಾಷ್ಟ್ರ. ರಾಷ್ಟ್ರೀಯ ಸಂಸ್ಥೆಗಳು ಸೇರಿದರೆ ಅಂತರರಾಷ್ಟ್ರೀಯ ಫೆಡರೇಶನ್, ನಡುವೆ ಏಷ್ಯಾದಂಥ ಖಂಡದ ಒಕ್ಕೂಟ. ದೇಶವೊಂದಕ್ಕೆ ಒಂದೇ ಸದಸ್ಯ ಸಂಸ್ಥೆ. ಜಿಲ್ಲಾ ಸಂಸ್ಥೆಯಲ್ಲಿ ನಿಮ್ಮ ಮಗಳ ಹೆಸರು ನೋಂದಣಿಯಾದರೆ ಆ ಸರಪಳಿಯ ಕೊನೆಯ ಕೊಂಡಿಗೆ ಅವಳು ಸೇರಿದ ಹಾಗೆ.

ಈ ಸರಪಳಿ ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2018ರಲ್ಲಿ ಸರ್ವಿಸ್ ನಿಯಮ, ಅಂದರೆ ಆಟ ಶುರು ಮಾಡುವ ಹೊಡೆತದಲ್ಲಿ ಶಟಲ್ ಎಷ್ಟು ಎತ್ತರದವರೆಗೆ ಇರಬಹುದು ಅನ್ನುವುದು, ಬದಲಾಯಿತು. ಮೊದಲು ಆಟಗಾರನ ಕೊನೆಯ ಪಕ್ಕೆಲುಬಿನ ಮಟ್ಟ ಅಂತಿತ್ತು. ಉದ್ದದವನಿಗೊಂದು, ಗಿಡ್ಡದವನಿಗೊಂದು, ದಿನಾ ಜಗಳ. ಆಮೇಲೆ ಎಲ್ಲರಿಗೂ ಅಂಗಳದಿಂದ 1.15 ಮೀಟರ್ ಅಂತ ಆಯಿತು. ಸರ್ವಿಸ್ ಜಡ್ಜ್ ಮುಂದೆ ಒಂದು ಕಂಬ, ಅದಕ್ಕೆ ಎರಡು ಪಾರದರ್ಶಕ ಹಲಗೆ, ಎರಡರ ಮೇಲೂ ಕಪ್ಪು ಗೆರೆ. ಆ ಎರಡು ಗೆರೆ ಒಂದೇ ಆಗಿ ಕಾಣುವ ಹಾಗೆ ಕೂತು ಅವುಗಳ ಮೂಲಕ ನೋಡಬೇಕು. ಶಟಲ್ ಗೆರೆಗಿಂತ ಮೇಲಿದ್ದಾಗ ಹೊಡೆದರೆ ಫಾಲ್ಟ್. ಫೆಡರೇಶನ್ನಿನ ಕಚೇರಿ ಇರುವುದು ಕೌಲಾಲಂಪುರದಲ್ಲಿ. ಅಲ್ಲಿ ನಿರ್ಧಾರವಾದದ್ದು ಏಷ್ಯಾ ಒಕ್ಕೂಟಕ್ಕೆ, ಅಲ್ಲಿಂದ ನಮ್ಮ ರಾಷ್ಟ್ರೀಯ ಸಂಸ್ಥೆಗೆ, ಅಲ್ಲಿಂದ ನಮಗೆ. ನಾವು ಇಲ್ಲೊಬ್ಬ ಫ್ಯಾಬ್ರಿಕೇಶನ್‌ನವನ ಹತ್ತಿರ ಕಬ್ಬಿಣದ ಕೊಳವೆಗೆ ಅಕ್ರಿಲಿಕ್ ಹಚ್ಚಿಸಿ ಅಂಥದೇ ಒಂದು ಮಾಡಿಸಿ ಜಿಲ್ಲಾ ಪಂದ್ಯಕ್ಕೆ ತಂದಿಟ್ಟೆವು. ಹನ್ನೊಂದು ವರ್ಷದ ಮಗುವಿನ ಸರ್ವಿಸನ್ನು ನಾನು ನೋಡುವುದೂ, ಒಲಿಂಪಿಕ್ಸ್ ಫೈನಲ್ಲಿನ ಸರ್ವಿಸನ್ನು ನೋಡುವುದೂ ಅದೇ ಎತ್ತರದಲ್ಲಿ. ಖರೇ ಫೆಡರೇಶನ್ ಅಂದರೆ ನನ್ನ ಪಾಲಿಗೆ ಅದು.

ಇನ್ನು ಯಾರು ಒಪ್ಪುತ್ತಾರೆ ಅಂದಿರಿ. ಯಾವ ಸರ್ಕಾರವೂ ಅಲ್ಲ, ವಿಶ್ವಸಂಸ್ಥೆಯೂ ಅಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಂದು ಆಟಕ್ಕೆ ಒಂದೇ ಫೆಡರೇಶನ್ ಎಂದು ಮಾನ್ಯ ಮಾಡುತ್ತದೆ. ಎರಡಿದ್ದರೆ, ಮೊದಲು ನೀವು ಒಂದಾಗಿ ಬನ್ನಿ ಅನ್ನುತ್ತದೆ.

ನಮ್ಮ ಆಟದಲ್ಲೇ ಅದು ನಡೆದಿದೆ. ಬ್ರಿಟಿಷ್ ಸೈನಿಕರು ಇಲ್ಲಿ ಆಡುತ್ತಿದ್ದಾಗ ಇದಕ್ಕೆ 'ಪೂನಾ' ಅಂತಲೇ ಹೆಸರಿತ್ತು, ನಮ್ಮ ಊರ ಹೆಸರು. ಆದರೆ 1934ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ಕಟ್ಟಿದ ಒಂಬತ್ತು ಸದಸ್ಯರಲ್ಲಿ ಭಾರತ ಇರಲಿಲ್ಲ, 1936ರಲ್ಲಿ ಸೇರಿತು. 1978ರಲ್ಲಿ ಚೀನಾದ ಸದಸ್ಯತ್ವ ಮತ್ತು ಮತದ ಹಕ್ಕಿನ ವಿಷಯಕ್ಕೆ ಒಡಕು ಬಂತು, ಏಷ್ಯಾದ ಮುಂದಾಳತ್ವದಲ್ಲಿ ಎರಡನೇ ವಿಶ್ವ ಸಂಸ್ಥೆ ಹುಟ್ಟಿತು. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದಾಗ ಚೀನಾದವರು ಆ ಕಡೆಯ ಪಂದ್ಯಗಳಲ್ಲೇ ಇರಲಿಲ್ಲ. 1981ರ ಮೇ ತಿಂಗಳಲ್ಲಿ ಎರಡೂ ಒಂದಾದವು. ಅದೇ ವರ್ಷ ಕೌಲಾಲಂಪುರದ ವಿಶ್ವಕಪ್ ಫೈನಲ್ಲಿನಲ್ಲಿ ಪ್ರಕಾಶ್ ಚೀನಾದ ಹಾನ್ ಜಿಯಾನ್‌ರನ್ನು ಸೋಲಿಸಿದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ರೇಡಿಯೋದಲ್ಲಿ ಆ ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಪೇಡೆ ಹಂಚಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಫೆಡರೇಶನ್‌ಗಳು ಒಂದಾಗದೇ ಹೋಗಿದ್ದರೆ ಆ ಪಂದ್ಯವೇ ಇಲ್ಲ. 1992ರ ಒಲಿಂಪಿಕ್ಸ್ ಪದಕದ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಬಂದದ್ದೂ ಒಂದಾದ ಮೇಲೆಯೇ.

ಕೋಥ್ರೂಡ್ ಅವ್ವ · ಸೋಮವಾರ ಬೆಳಗ್ಗೆ 9:20

ಅಣ್ಣಾರ, ಗೆರೆ ವಿಷಯ ಮಗಳಿಗೆ ಓದಿ ತೋರಿಸಿದೆ. ಸುಮ್ನ ಕೇಳಿದ್ಲು. ಒಂದು ತಿಳೀವಲ್ದು. ಕರಾಟೆ ಒಲಿಂಪಿಕ್ಸ್‌ನ್ಯಾಗ ಇಲ್ಲಲ್ಲ ಈಗ? ಹಂಗಾರ ಕರಾಟೆಗೆ ಖರೇ ಫೆಡರೇಶನ್ನ ಇಲ್ಲೇನು?

ಎಫ್.ಸಿ. ರೋಡ್ ಕಾನೂನು ವಿದ್ಯಾರ್ಥಿ · ಪುಣೆ · ಸೋಮವಾರ ಮಧ್ಯಾಹ್ನ 1:30

ಇದೆ ಆಂಟಿ. ವರ್ಲ್ಡ್ ಕರಾಟೆ ಫೆಡರೇಶನ್, ಕಚೇರಿ ಮ್ಯಾಡ್ರಿಡ್‌ನಲ್ಲಿ. ಒಲಿಂಪಿಕ್ ಸಮಿತಿ ಅದನ್ನು 1999ರಲ್ಲಿ ಮಾನ್ಯ ಮಾಡಿದೆ. ಟೋಕಿಯೋದಲ್ಲಿ ಕರಾಟೆ ಇತ್ತು, ಪ್ಯಾರಿಸ್‌ನಲ್ಲಿ ಇರಲಿಲ್ಲ. ಆಟವನ್ನು ಕೂಟದಲ್ಲಿ ಸೇರಿಸುವುದು ಬೇರೆ, ಅದರ ಫೆಡರೇಶನ್ನಿಗೆ ಮಾನ್ಯತೆ ಕೊಡುವುದು ಬೇರೆ. ಕೂಟದಿಂದ ಬಿಟ್ಟುಹೋದರೂ ಮಾನ್ಯತೆ ಉಳಿಯುತ್ತದೆ.

ಚೆಸ್ ನೋಡಿ. ಒಲಿಂಪಿಕ್ಸ್‌ನಲ್ಲಿಲ್ಲ. ಆದರೆ ಅದರ ವಿಶ್ವ ಫೆಡರೇಶನ್ ಫಿಡೆ 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಸ್ಥೆ, 1999ರಿಂದ ಮಾನ್ಯತೆ ಇದೆ. 2025ರ ನವೆಂಬರ್‌ನಲ್ಲಿ ಗೋವಾದಲ್ಲಿ ಅದರ ವಿಶ್ವಕಪ್ ನಡೆದಾಗ 206 ಆಟಗಾರರು ಬಂದಿದ್ದರು, ಮೊದಲ ಮೂವರಿಗೆ ಕ್ಯಾಂಡಿಡೇಟ್ಸ್ ಟೂರ್ನಿಗೆ ನೇರ ದಾರಿ. ಅಲ್ಲಿಂದ ವಿಶ್ವ ಚಾಂಪಿಯನ್‌ಗೆ ಸವಾಲು. ಗೆದ್ದರೆ ಮುಂದಿನ ಮೆಟ್ಟಿಲು ಯಾವುದು ಅಂತ ಸ್ಪಷ್ಟ ಇರುತ್ತದೆ. ನಿಮ್ಮ ಮಗಳು ಗೆದ್ದ ಪಂದ್ಯದಿಂದ ಮುಂದೆ ಎಲ್ಲಿಗೆ ಅರ್ಹತೆ ಸಿಕ್ಕಿತು ಅಂತ ಕ್ಲಾಸಿನವರನ್ನು ಕೇಳಿ. ಉತ್ತರ ಬರದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈ ಫೆಡರೇಶನ್‌ಗಳು ಪರಸ್ಪರ ಹೇಗೆ ಸೇರಿಕೊಂಡಿವೆ ಅಂತಲೂ ಹೇಳುತ್ತೇನೆ, ನನ್ನ ಪ್ರಾಜೆಕ್ಟ್ ವಿಷಯ ಇದೇ. ಒಲಿಂಪಿಕ್ಸ್‌ನ ಬೇಸಿಗೆ ಆಟಗಳ ಫೆಡರೇಶನ್‌ಗಳದ್ದು ಒಂದು ಒಕ್ಕೂಟ, ಅಸೋಯಿಫ್, 1983ರದ್ದು. ಚಳಿಗಾಲದವರದ್ದು ಇನ್ನೊಂದು. ಕರಾಟೆ, ಚೆಸ್ ಥರ ಮಾನ್ಯತೆ ಇದ್ದೂ ಕೂಟದಲ್ಲಿಲ್ಲದವರದ್ದು ಅರಿಸ್ಫ್. ಆ ಮಾನ್ಯತೆಗೂ ಕಾಯುತ್ತಿರುವವರದ್ದು ಏಮ್ಸ್. ಎಲ್ಲರ ಮೇಲೆ ಗೈಸ್ಫ್ ಅಂತ ಒಂದು ಛತ್ರಿ ಇತ್ತು, 1967ರಿಂದ. ಅದು ನಡುವೆ ಸ್ಪೋರ್ಟ್‌ಅಕಾರ್ಡ್ ಅಂತ ಹೆಸರು ಬದಲಿಸಿಕೊಂಡಿತ್ತು. 2015ರಲ್ಲಿ ಸೋಚಿಯ ಸಭೆಯಲ್ಲಿ ಅದರ ಅಧ್ಯಕ್ಷರು, ಜೂಡೋ ಫೆಡರೇಶನ್ನಿನ ಮರಿಯಸ್ ವೈಜರ್, ಒಲಿಂಪಿಕ್ ಸಮಿತಿಯ ಅಧ್ಯಕ್ಷರನ್ನು ಎದುರು ಕೂರಿಸಿಕೊಂಡೇ ಸಮಿತಿಯನ್ನು ಕಟುವಾಗಿ ಟೀಕಿಸಿದರು. ಅಥ್ಲೆಟಿಕ್ಸ್ ಫೆಡರೇಶನ್ ಹೊರನಡೆಯಿತು, ಇನ್ನೂ ಹಲವರು ಹಿಂಬಾಲಿಸಿದರು, ಆರು ವಾರದಲ್ಲಿ ವೈಜರ್ ರಾಜೀನಾಮೆ ಕೊಡಬೇಕಾಯಿತು. 2022ರ ನವೆಂಬರ್‌ನಲ್ಲಿ ಸದಸ್ಯರೇ ಮತ ಹಾಕಿ ಗೈಸ್ಫನ್ನು ವಿಸರ್ಜಿಸಿದರು.

ಟೀಕೆಯಲ್ಲಿ ಹುರುಳಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಣ ಎಲ್ಲಿಂದ ಬರುತ್ತದೆ ನೋಡಿ. ಟೋಕಿಯೋ ಕೂಟದ ಆದಾಯದಲ್ಲಿ ಬೇಸಿಗೆ ಫೆಡರೇಶನ್‌ಗಳಿಗೆ ಸುಮಾರು 54 ಕೋಟಿ ಡಾಲರ್ ಹಂಚಿಕೆಯಾಯಿತು. ಫುಟ್‌ಬಾಲ್‌ನಂಥವರಿಗೆ ತಮ್ಮದೇ ವಿಶ್ವಕಪ್ಪಿನ ದುಡ್ಡಿದೆ. ಚಿಕ್ಕ ಆಟಗಳಿಗೆ ಈ ಪಾಲೇ ಜೀವಾಳ. ಹಾಗಾಗಿ ಒಲಿಂಪಿಕ್ ಸಮಿತಿಯನ್ನು ಎದುರು ಹಾಕಿಕೊಂಡು ಒಂದಾಗಿ ನಿಲ್ಲುವುದು ಅವರಿಗೆ ಕಷ್ಟ.

ವಾಸ್ಕೋ ಬಸು · ಗೋವಾ · ಸೋಮವಾರ ರಾತ್ರಿ 9:50

ಎಲ್ಲಾ ಚೊಲೋ ಹೇಳೀರಿ. ಆದ್ರ ಈ ಸರಪಳಿ ಹುಡುಗರ ಕಾಲಿಗೂ ಬೀಳ್ತದ, ಅದನ್ನ ಯಾರೂ ಹೇಳಲಿಲ್ಲ.

2022ರ ಆಗಸ್ಟ್ 15. ಫಿಫಾ ನಮ್ಮ ಫುಟ್‌ಬಾಲ್ ಸಂಸ್ಥೆನ ಅಮಾನತು ಮಾಡ್ತು. ಚುನಾವಣೆ 2020ರಿಂದ ಆಗಿರಲಿಲ್ಲ, ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿ ಕೂಡಿಸಿತ್ತು. ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ಅಂತು. ಅಕ್ಟೋಬರ್‌ನ್ಯಾಗ ಹದಿನೇಳರ ಒಳಗಿನ ಹುಡುಗೇರ ವಿಶ್ವಕಪ್ ನಮ್ಮಲ್ಲೇ ಇತ್ತು. ಭುವನೇಶ್ವರ, ಇಲ್ಲಿ ಮಡಗಾಂವದ ಫಾತೋರ್ಡಾ, ನವಿ ಮುಂಬಯಿ. ನಾವು ವಾಲಂಟಿಯರ್ ಹೆಸರು ಕೊಟ್ಟು ಕುಂತಿದ್ವಿ. ಗೋಕುಲಂ ಕೇರಳದ ಹುಡುಗೇರು ಏಷ್ಯಾ ಕ್ಲಬ್ ಪಂದ್ಯಕ್ಕ ತಾಷ್ಕೆಂಟ್ ಮುಟ್ಟಿಬಿಟ್ಟಿದ್ರು. ಅಲ್ಲಿ ಇಳದ ಮ್ಯಾಲೆ ಗೊತ್ತಾತು, ಆಡೂ ಹಂಗಿಲ್ಲಂತ. ಒಂದೂ ಪಂದ್ಯ ಆಡದ ವಾಪಸ್ ಬಂದ್ರು. ಅವರೇನು ತಪ್ಪು ಮಾಡಿದ್ರು ಹೇಳ್ರಿ?

ಕೋರ್ಟ್ ಆ ಸಮಿತಿ ತಗದ ಮ್ಯಾಲೆ ಆಗಸ್ಟ್ 26ಕ್ಕ ಅಮಾನತು ಎತ್ತಿದ್ರು. ಹನ್ನೊಂದು ದಿನ. ಆ ಹನ್ನೊಂದು ದಿನದಾಗ ಆ ಹುಡುಗೇರ ಟೂರ್ನಿ ಹೋತು. ವಿಶ್ವಕಪ್ ಉಳೀತು, ಅಕ್ಟೋಬರ್‌ನ್ಯಾಗ ಫಾತೋರ್ಡಾದಾಗ ಎರಡೂ ಸೆಮಿಫೈನಲ್ ನಾನು ನೋಡೀನಿ. ಕೊಲಂಬಿಯಾ ಪೆನಾಲ್ಟಿಯೊಳಗ ಗೆದ್ದಾಗ ಅಷ್ಟೂ ಹುಡುಗೇರು ಅಂಗಳದಾಗ ಒಬ್ಬರ ಮ್ಯಾಲೆ ಒಬ್ಬರು ಬಿದ್ದು ಅತ್ತರು. ನಮ್ಮ ತಾಷ್ಕೆಂಟ್ ಹುಡುಗೇರ ನೆನಪಾಗಿ ನನಗ ಹೊಟ್ಟ್ಯಾಗ ಸಂಕಟ ಆತು.

ಮಾಟುಂಗಾ ರಾಯರು · ಸೋಮವಾರ ರಾತ್ರಿ 10:30

ಬಸು ಅವರೇ, ನಿಮ್ಮ ಸಂಕಟ ಸರಿ. ನಮ್ಮ ಒಲಿಂಪಿಕ್ ಸಂಸ್ಥೆಯೇ 2012ರ ಡಿಸೆಂಬರ್‌ನಿಂದ ಅಮಾನತಿನಲ್ಲಿತ್ತು. 2014ರ ಫೆಬ್ರುವರಿಯಲ್ಲಿ ಸೋಚಿ ಚಳಿಗಾಲದ ಕೂಟದ ಉದ್ಘಾಟನೆಗೆ ನಮ್ಮ ಮೂವರು ಒಲಿಂಪಿಕ್ ಬಾವುಟದ ಕೆಳಗೆ ನಡೆದರು, ತ್ರಿವರ್ಣ ಇಲ್ಲದೆ. ಟಿವಿಯಲ್ಲಿ ಅದನ್ನು ನೋಡುತ್ತಿದ್ದಾಗ ನನ್ನ ತಂದೆ ಎದ್ದು ಒಳಗೆ ಹೋದರು. 2023ರಲ್ಲಿ ಚುನಾವಣೆ ಸಮಯಕ್ಕೆ ಮಾಡಲಿಲ್ಲವೆಂದು ಕುಸ್ತಿ ಸಂಸ್ಥೆಯ ಅಮಾನತಾಯಿತು. ಆ ವರ್ಷ ಬೆಲ್‌ಗ್ರೇಡ್‌ನ ವಿಶ್ವ ಕುಸ್ತಿ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಅಂತಿಮ್ ಪಂಘಾಲ್ ಕಂಚು ಗೆದ್ದದ್ದೂ ದೇಶದ ಬಾವುಟವಿಲ್ಲದೆ.

ಆದರೆ ಮೂರೂ ಕಡೆ ಒಂದೇ ಕಾರಣ ನೋಡಿ, ನಮ್ಮವರು ಚುನಾವಣೆಯನ್ನು ಸರಿಯಾಗಿ ಮಾಡಲಿಲ್ಲ. ಮೇಲಿನ ಸಂಸ್ಥೆ ಬಿಗಿ ಮಾಡದಿದ್ದರೆ ಆ ಕುರ್ಚಿಗಳು ಇನ್ನೂ ಹಾಗೇ ಇರುತ್ತಿದ್ದವು.

ವಾಸ್ಕೋ ಬಸು · ಸೋಮವಾರ ರಾತ್ರಿ 10:42

ಕುರ್ಚಿ ಮ್ಯಾಲೆ ಕುಂತವರಿಗೆ ಶಿಕ್ಷಾ ಕೊಡ್ರಿ ರಾಯರ, ಆಟಗಾರರನ್ನ ಯಾಕ ಅಂಗಳದಿಂದ ಎಬ್ಬಿಸ್ತೀರಿ? ಕುಸ್ತಿಯವರು ಬಾವುಟ ಇಲ್ಲದರೂ ಆಡಾಕರ ಬಿಟ್ರು. ಫುಟ್‌ಬಾಲ್‌ನ್ಯಾಗ ಅದೂ ಇಲ್ಲ.

ಎಫ್.ಸಿ. ರೋಡ್ ಕಾನೂನು ವಿದ್ಯಾರ್ಥಿ · ಸೋಮವಾರ ರಾತ್ರಿ 11:05

ಬಸು ಅಣ್ಣ ಹೇಳುವುದು ನನಗೆ ಒಪ್ಪಿಗೆ. ಸ್ವಿಸ್ ಕಾನೂನಿನಲ್ಲಿ ಫಿಫಾ, ಒಲಿಂಪಿಕ್ ಸಮಿತಿ ಎಲ್ಲ ಸಂಘಗಳು, ನಮ್ಮ ಕನ್ನಡ ಸಂಘದ ಹಾಗೆಯೇ. ಸದಸ್ಯತ್ವ ತಡೆಹಿಡಿಯುವುದು ಬಿಟ್ಟರೆ ಒಂದು ದೇಶದ ಮೇಲೆ ಅವರ ಕೈಲಿ ಬೇರೆ ಅಸ್ತ್ರ ಕಡಿಮೆ. ಅದು ನ್ಯಾಯ ಅಂತ ಹೇಳುತ್ತಿಲ್ಲ, ಕಾರಣ ಹೇಳುತ್ತಿದ್ದೇನೆ. ಅವರ ತೀರ್ಪಿನ ಮೇಲೆ ಲೂಸಾನ್‌ನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಗಬಹುದು, 1984ರಿಂದ ಇದೆ. ಆದರೆ ವಿಮಾನ ಇಳಿದು ನಿಂತ ಹುಡುಗಿಗೆ ಅದು ಎಷ್ಟು ದೂರ!

ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸಾಗಿದೆ. ಫೆಡರೇಶನ್‌ಗಳಿಗೆ ಮಾನ್ಯತೆ ಕೊಡಲು ಒಂದು ಮಂಡಳಿ, ಜಗಳ ಬಿಡಿಸಲು ಒಂದು ನ್ಯಾಯಮಂಡಳಿ ಅದರಲ್ಲಿವೆ. ಚುನಾವಣೆ ಜಗಳಗಳು ಅಲ್ಲೇ ಬೇಗ ಮುಗಿದರೆ ಇಂಥ ಅಮಾನತು ಕಡಿಮೆಯಾದೀತು ಎಂಬ ಆಸೆ ನನಗಿದೆ.

ಠಾಣೆ ಪೂಜಾರಿ · ಠಾಣೆ · ಮಂಗಳವಾರ ಸಂಜೆ 6:15

ನಮ್ಮ ಕಬಡ್ಡಿ ಬಗ್ಗೆ ಯಾರೂ ಮಾತಾಡಲಿಲ್ಲ ಮಾರಾಯ್ರೇ. ಊರಲ್ಲಿ ಗದ್ದೆ ಕೊಯ್ಲಾದ ಮೇಲೆ ಆಡಿ ಬೆಳೆದವ ನಾನು, ಇಲ್ಲಿ ಹೊಟೇಲ್ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೂ ಆಡಿದ್ದು ಉಂಟು.

1990ರಿಂದ ಏಷ್ಯನ್ ಗೇಮ್ಸ್‌ನಲ್ಲಿ ಉಂಟು, ವಿಶ್ವಕಪ್ 2004ರಲ್ಲಿ ಇದೇ ಮುಂಬಯಿಯಲ್ಲಿ ಆದದ್ದು. ಆದರೂ ಒಲಿಂಪಿಕ್ ಸಮಿತಿಯ ಮಾನ್ಯತೆ ಇಲ್ಲ. 2016ರಲ್ಲಿ ಅಹಮದಾಬಾದ್‌ನಲ್ಲಿ ಒಂದು ಸಂಸ್ಥೆ ವಿಶ್ವಕಪ್ ಮಾಡಿತು, 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಸಂಸ್ಥೆ ಮಾಡಿತು. ಎರಡಕ್ಕೂ ಹೆಸರು ವಿಶ್ವಕಪ್.

ನಿಯಮ ಒಂದೇ ಆಗದಿದ್ದರೆ ಎಂತ ಆಗ್ತದೆ ಅಂತ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನೋಡಿದ್ದೇವಲ್ಲ. ಭಾರತ, ಇರಾನ್. ಕೊನೆಯ ನಿಮಿಷಗಳು, ಸ್ಕೋರ್ ಸಮ. ನಮ್ಮ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಗಳದ ಅಂಚಿನ ಪಟ್ಟಿಗೆ, ಲಾಬಿ ಅಂತಾರಲ್ಲ ಅದಕ್ಕೆ, ಕಾಲಿಟ್ಟ, ಹಿಂದಿನಿಂದ ಇರಾನಿನವರೂ ಬಂದರು. ಹಳೇ ನಿಯಮದಲ್ಲಿ ಒಂದು ಲೆಕ್ಕ, ಹೊಸ ನಿಯಮದಲ್ಲಿ ಇನ್ನೊಂದು. ರೆಫರಿಗಳೇ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿದರು. ಎರಡೂ ತಂಡ ಅಂಗಳದಲ್ಲೇ ಕೂತವು. ಸುಮಾರು ಒಂದು ಗಂಟೆ ಆಟ ನಿಂತಿತು. ಆಮೇಲೆ ನಾವು 33-29ರಲ್ಲಿ ಗೆದ್ದೆವು, ಚಿನ್ನ ಬಂತು. ಆದರೆ ನನಗೆ ಆ ದಿನ ಕುಣಿಯುವ ಮನಸ್ಸಾಗಲಿಲ್ಲ. ಇಷ್ಟು ದೊಡ್ಡ ಆಟ, ಪುಸ್ತಕ ಒಂದು ಮಾಡ್ಲಿಕ್ಕೆ ಆಗಲಿಲ್ಲವಲ್ಲ ಅಂತ. ಬಾಲೇವಾಡಿಯವರು ಹೇಳಿದ ಆ ಕಪ್ಪು ಗೆರೆ ನಮಗೂ ಬೇಕು.

ಬಾಲೇವಾಡಿ ಅಂಪೈರ್ · ಮಂಗಳವಾರ ರಾತ್ರಿ 8:00

ಪೂಜಾರಿಯವರೇ, ಹೌದು. ಸ್ಕ್ವಾಶ್‌ನವರು ಎಷ್ಟು ಸಲ ಅರ್ಜಿ ಹಾಕಿ ಸೋತರು! 2023ರ ಅಕ್ಟೋಬರ್‌ನಲ್ಲಿ ನಿಮ್ಮ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ ಒಲಿಂಪಿಕ್ ಸಮಿತಿಯ ಅಧಿವೇಶನ ಕೂತಾಗ ಕ್ರಿಕೆಟ್ ಜೊತೆಗೆ ಅವರಿಗೂ 2028ರ ಲಾಸ್ ಏಂಜಲೀಸ್‌ಗೆ ಜಾಗ ಸಿಕ್ಕಿತು. ಅಷ್ಟು ವರ್ಷ ಅವರು ಒಂದೇ ಫೆಡರೇಶನ್ನಾಗಿ ನಿಂತಿದ್ದರು.

ಅಕ್ಕಾರ, ಮಾನ್ಯತೆಯೂ ಶಾಶ್ವತ ಅಲ್ಲ, ಅದನ್ನೂ ತಿಳಿದಿರಿ. ಬಾಕ್ಸಿಂಗ್‌ನ ಹಳೇ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು ಹಣಕಾಸು, ರೆಫರಿಗಿರಿ, ಆಡಳಿತದ ದೂರುಗಳ ಮೇಲೆ 2023ರ ಜೂನ್‌ನಲ್ಲಿ ತೆಗೆದರು. ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸದಕ್ಕೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಬಂತು. ಹಾಗಾಗಿ ಪ್ರತಿ ವರ್ಷ ಒಮ್ಮೆ ನೋಡಿಕೊಳ್ಳಬೇಕು.

ನೋಡುವುದು ಹೀಗೆ. ವರ್ಲ್ಡ್ ಕರಾಟೆ ಫೆಡರೇಶನ್ನಿನ ಜಾಲತಾಣದಲ್ಲಿ ಸದಸ್ಯ ದೇಶಗಳ ಪಟ್ಟಿ ಇರುತ್ತದೆ, ಭಾರತದ ಎದುರು ಇವತ್ತು ಯಾವ ಹೆಸರಿದೆ ನೋಡಿ. ಅದೇ ಹೆಸರು ನಮ್ಮ ಕ್ರೀಡಾ ಸಚಿವಾಲಯದ ಮಾನ್ಯ ಫೆಡರೇಶನ್‌ಗಳ ಪಟ್ಟಿಯಲ್ಲಿದೆಯೇ ನೋಡಿ. ಎರಡೂ ಕಡೆ ಇಲ್ಲದಿದ್ದರೆ ದುಡ್ಡು ಕಟ್ಟುವ ಮುಂಚೆ ನಿಲ್ಲಿ. ಆಮೇಲೆ ಆ ಸಂಸ್ಥೆಯ ಮಹಾರಾಷ್ಟ್ರ ಘಟಕ, ಪುಣೆ ಜಿಲ್ಲಾ ಘಟಕ ಯಾವುದೆಂದು ಲಿಖಿತವಾಗಿ ಕೇಳಿ. ಕರಾಟೆಯ ಒಂದೊಂದು ಶೈಲಿ ಕಲಿಸಿ ಬೆಲ್ಟ್ ಕೊಡುವ ಸಂಘಗಳು ಬೇರೆ, ಅವು ಬೇಡ ಅಂತಲ್ಲ. ಕಲಿಸುವುದು ಅವರೇ. ಆದರೆ ದೇಶದ ಹೆಸರಲ್ಲಿ ತಂಡ ಕಳಿಸುವ ಅಧಿಕಾರ ಅವರದಲ್ಲ.

ಕೋಥ್ರೂಡ್ ಅವ್ವ · ಗುರುವಾರ ರಾತ್ರಿ 9:35

ನೀವು ಹೇಳಿದಂಗ ನಿನ್ನೆ ರಾತ್ರಿ ಮಗಳೂ ನಾನೂ ಕೂಡಿ ಮೊಬೈಲ್‌ನ್ಯಾಗ ನೋಡಿದ್ವಿ. ಸರ್ಟಿಫಿಕೇಟ್ ಗ್ವಾಡಿಯಿಂದ ಇಳಿಸಿ ತೊಡಿ ಮ್ಯಾಲೆ ಇಟ್ಕೊಂಡು, ಒಂಬತ್ತು ಮುದ್ರಿ ಒಂದೊಂದಾಗಿ ಹುಡುಕಿದ್ಲು. ಒಂಬತ್ತರಾಗ ಒಂದು ಹೆಸರೂ ಆ ಎರಡು ಪಟ್ಟಿಯೊಳಗ ಸಿಗಲಿಲ್ಲ. ಅಕಿ ಅಳಲಿಲ್ಲ. "ಅವ್ವಾ, ನಾ ಹೊಡದದ್ದು ಖರೇನ ಅದ" ಅಂದ್ಲು. ನನಗ ತಡಕೊಳ್ಳಾಕ ಆಗಲಿಲ್ಲ.

ಇವತ್ತು ನಾವು ಐದು ಮಂದಿ ತಾಯಂದಿರು ಕೂಡಿ ಕ್ಲಾಸಿಗೆ ಪತ್ರ ಕೊಟ್ಟೀವಿ. ಯಾವ ಜಿಲ್ಲಾ ಸಂಸ್ಥೆ ಕೂಡ ನೋಂದಣಿ ಅದ, ಅದರ ಪತ್ರ ತೋರಸ್ರಿ, ಇಲ್ಲಾಂದ್ರ ರೊಕ್ಕದ ಲೆಕ್ಕ ಕೊಡ್ರಿ ಅಂತ. ಒಂದು ವಾರ ಟೈಮ್ ಕೇಳ್ಯಾರ. ಸಾಲಿ ಪಿ.ಟಿ. ಸರ್ ಜಿಲ್ಲಾ ಶಾಲಾ ಪಂದ್ಯದ ಫಾರ್ಮ್ ಕೊಟ್ಟಾರ, ಅದನ್ನ ತುಂಬಿದ್ವಿ.

ಅಂಪೈರ್ ಅಣ್ಣಾರ, ಮಗಳು ನಿಮಗೊಂದು ಪ್ರಶ್ನೆ ಕೇಳಂತ ಬೆನ್ನ ಹತ್ಯಾಳ. ಜಡ್ಜ್ ಆಗಾಕೂ ಹಿಂಗ ಮೆಟ್ಟಿಲ ಇರ್ತಾವೇನು?

ಬಾಲೇವಾಡಿ ಅಂಪೈರ್ · ಗುರುವಾರ ರಾತ್ರಿ 10:10

ಇರ್ತಾವ, ತಂಗಿಗೆ ಹೇಳಿ. ನಮ್ಮಲ್ಲಿ ಮೊದಲು ರಾಜ್ಯದ ಪರೀಕ್ಷೆ, ಆಮೇಲೆ ರಾಷ್ಟ್ರೀಯ, ಆಮೇಲೆ ಏಷ್ಯಾದ್ದು ಎರಡು ಹಂತ, ಕೊನೆಗೆ ವಿಶ್ವ ಫೆಡರೇಶನ್ನಿನ ಎರಡು ಹಂತ. ನಾನು ರಾಷ್ಟ್ರೀಯದವರೆಗೆ ಹತ್ತಿದವನು. ಕರಾಟೆಯಲ್ಲಿ ವಯಸ್ಸಿನ ಮಿತಿ ಏನೆಂದು ನಿಮ್ಮ ಜಿಲ್ಲಾ ಘಟಕದವರನ್ನೇ ಕೇಳಬೇಕು. ಅಲ್ಲಿಯವರೆಗೆ, ಮುಂದಿನ ರವಿವಾರ ನಮ್ಮ ಜಿಲ್ಲಾ ಪಂದ್ಯ ಅದ, ಲೈನ್ ಜಡ್ಜ್‌ಗೆ ನೀರು, ಶಟಲ್ ಕೊಡಲು ಹುಡುಗರು ಬೇಕು. ಬೆಳಗ್ಗೆ ಎಂಟಕ್ಕೆ ಕರ್ಕೊಂಡು ಬನ್ನಿ. ಆ ಕಂಬದ ಹಿಂದೆ ಕೂರಿಸಿ ಗೆರೆ ತೋರಿಸ್ತೀನಿ.